ಒರಟು ಕಾಗದದ ಮೇಲಿನ ಸದ್ದು

ಫೆಬ್ರುವರಿ 3, ಸೋಮವಾರ

ಇಂದು ಗೆದ್ದೆ. ಮೀನು ಬೇಡ, ಎರೆಹುಳ ಎಂದು ತೀರ್ಮಾನವಾಯಿತು.

ಪ್ರಾಣಿಗಳನ್ನು ನೋಡಿ ಯಂತ್ರ ಕಟ್ಟುವ ಪ್ರಾಜೆಕ್ಟು ಇದು. ನಮ್ಮ ಗುಂಪಿನಲ್ಲಿ ಮೂವರು. ಎಲೆಕ್ಟ್ರಾನಿಕ್ಸ್ ವಿಭಾಗದವನೊಬ್ಬ, ಯಾರೂ ಕೇಳದಿದ್ದರೂ ವಿವರಣೆ ಕೊಡುವುದರಿಂದ ಅವನಿಗೆ ಪಂಡಿತ ಎಂದೇ ಹೆಸರು. ಜೀವಶಾಸ್ತ್ರದವಳೊಬ್ಬಳು, ಕಿಟಕಿಯ ಕಟ್ಟೆಯ ಮೇಲೆ ಮಣ್ಣಿನ ಡಬ್ಬಿಗಳಲ್ಲಿ ಎರೆಹುಳ ಸಾಕಿಕೊಂಡಿದ್ದಾಳೆ, ಹಾಗಾಗಿ ಹುಳದಮ್ಮ. ಮೂರನೆಯವಳು ನಾನು, ಮೆಕ್ಯಾನಿಕಲ್. ನನಗೂ ಒಂದು ಹೆಸರಿಟ್ಟಿದ್ದಾರೆ: ಕರಪತ್ರ. ಇಟ್ಟುಕೊಳ್ಳಲಿ. ಅಮ್ಮ ಪ್ರೆಸ್ಸಿನಲ್ಲಿ ಹಾಳೆ ಮಡಚುವವಳು. ಅವಳು ಮನೆಗೆ ತಂದ ಮಿಕ್ಕ ಕರಪತ್ರಗಳಲ್ಲೇ ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದು. ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ.

ಪಂಡಿತನಿಗೆ ಮೀನು ಬೇಕಿತ್ತು. "ತೊಟ್ಟೀಲಿ ಬಾಲ ಆಡಿಸ್ಕೊಂಡು ಹೋಗುತ್ತೆ, ನೋಡಿದೋರು ಚಪ್ಪಾಳೆ ಹೊಡೀತಾರೆ, ಮುಗೀತು" ಎಂದ. ನಾನು ಎದ್ದು ನಿಂತೆ. ಈ ಊರಿನ ಕೊಳಚೆ ಗುಂಡಿಗಳಿಗೆ ಇಂದಿಗೂ ಮನುಷ್ಯರನ್ನು ಇಳಿಸುತ್ತಾರೆ, ಕೆಲವರು ಮೇಲೆ ಬರುವುದಿಲ್ಲ, ನಾವು ಇಲ್ಲಿ ಕೂತು ತೊಟ್ಟಿಯ ಮೀನಿಗೆ ಬಾಲ ಹೊಲಿಯೋಣವೇ ಎಂದು ಕೇಳಿದೆ. ಕೊಳವೆಯೊಳಗೆ ತೆವಳುವ ಯಂತ್ರ ಬೇಕು. ಅದಕ್ಕೆ ಎರೆಹುಳವೇ ಗುರು. ಮೇಜು ಗುದ್ದಿದೆನೆಂದು ಕಾಣುತ್ತದೆ, ಕೈ ಈಗಲೂ ನೋಯುತ್ತಿದೆ.

"ಆಯ್ತಮ್ಮ ಕರಪತ್ರ, ಹುಳಾನೇ ಮಾಡೋಣ. ಮೇಜು ಸರ್ಕಾರದ್ದು, ಮುರೀಬೇಡ" ಎಂದ ಪಂಡಿತ. ಹುಳದಮ್ಮ ಸುಮ್ಮನೆ ನಕ್ಕಳು, ಯಾರೋ ಅವಳ ಮಗುವನ್ನು ಹೊಗಳಿದ ಹಾಗೆ.

ಮನೆಗೆ ಬಂದರೆ ಆ ಮನುಷ್ಯ ಹೊಸ್ತಿಲಲ್ಲಿ ಕೂತು ಬೂಟು ಒರೆಸುತ್ತಿದ್ದ. ಟೈರು ಕಾರ್ಖಾನೆಯ ಮುಷ್ಕರದಲ್ಲಿ, ಗೇಟಿನ ಹೊರಗೆ ನಿಂತವರ ನಡುವಿನಿಂದಲೇ ತಲೆ ತಗ್ಗಿಸಿಕೊಂಡು ಒಳಗೆ ಕೆಲಸಕ್ಕೆ ಹೋದನಲ್ಲ, ಆವತ್ತಿನಿಂದ ಅವನು ನನಗೆ ಅಣ್ಣನಲ್ಲ. ವರ್ಷವಾಗುತ್ತ ಬಂತು. ಎರಡು ಕೋಣೆಯ ಮನೆ, ಒಂದು ಮಾತಿಲ್ಲ. ಅಮ್ಮನೇ ನಮ್ಮ ನಡುವಿನ ಅಂಚೆ. "ಬಚ್ಚಲು ಖಾಲಿ ಇದೆ ಅಂತ ನಿನ್ನ ಮಗಳಿಗೆ ಹೇಳು ಅಂತಾನೆ" ಎಂದು ನನ್ನ ಮುಖಕ್ಕೇ ಬಂದು ಹೇಳುತ್ತಾಳೆ. ಇಂದು ಇನ್ನೇನೋ ಹೇಳಲು ಬಾಯಿ ತೆರೆದಳು: "ಅವನು ಆವತ್ತು ಕಾರ್ಖಾನೇಲಿ..." ನಾನು ಕೈಯೆತ್ತಿ ತಡೆದೆ. ಅವನ ಸುದ್ದಿ ನನಗೆ ಬೇಡ.

ಗೋಡೆಗೆ ಅಂಟಿಸಿದ ಕರಪತ್ರದ ಸಾಲನ್ನು ಮಲಗುವ ಮುನ್ನ ಮತ್ತೊಮ್ಮೆ ಓದಿದೆ: "ಹಿಂದಿಟ್ಟ ಹೆಜ್ಜೆ ಎದುರಾಳಿಗೆ ಬಿಟ್ಟುಕೊಟ್ಟ ನೆಲ."

ಫೆಬ್ರುವರಿ 6, ಗುರುವಾರ

ಹುಳದಮ್ಮನ ಪ್ರಯೋಗಾಲಯದಲ್ಲಿ ಅರ್ಧ ದಿನ ಹಾಳು. ನಾನು ಅಳತೆ ತೆಗೆದುಕೊಳ್ಳಲು ಹೋಗಿದ್ದೆ. ಅವಳು ಅಳತೆಪಟ್ಟಿ ಕೈಗೆ ಕೊಡುವ ಬದಲು, "ನಿನ್ನ ಹತ್ರ ಒರಟು ಕಾಗದ ಇದ್ಯಾ? ನಮ್ಮ ಹಾಳೆಯೆಲ್ಲ ನುಣುಪು" ಎಂದಳು.

ಚೀಲದಲ್ಲಿ ಕರಪತ್ರಗಳಿದ್ದವು. ಪ್ರೆಸ್ಸಿನ ಅಗ್ಗದ ಕಾಗದ, ಬೆರಳಿಗೆ ತರಿತರಿಯಾಗಿ ಹತ್ತುವಂಥದ್ದು. ಮನಸ್ಸಿಲ್ಲದೆ ಒಂದನ್ನು ಕೊಟ್ಟೆ. ಅವಳು ಅದನ್ನು ಮೇಜಿನ ಮೇಲೆ ಹಾಸಿ, ಒದ್ದೆ ಬೆರಳಿನಿಂದ ಹುಳವೊಂದನ್ನು ಎತ್ತಿ, ದಪ್ಪಕ್ಷರದ ಶೀರ್ಷಿಕೆಯ ಮೇಲೇ ಬಿಟ್ಟಳು.

"ಕಿವಿ ಇಡು."

"ಏನು?"

"ಕಾಗದದ ಹತ್ರ ಕಿವಿ ಇಡು ಅಂದೆ. ಮಾತಾಡ್ಬೇಡ."

ನನಗೆ ಮಾತಾಡಬೇಡ ಎಂದವರು ಇತ್ತೀಚೆಗೆ ಯಾರೂ ಇಲ್ಲ. ಸಿಟ್ಟಿನಲ್ಲೇ ಬಗ್ಗಿದೆ. ಮೊದಲು ಏನೂ ಇಲ್ಲ. ಆಮೇಲೆ ಸರ್ ಎಂದಿತು. ಮತ್ತೆ ಸರ್. ಬಲು ದೂರದಲ್ಲಿ ಯಾರೋ ಅಂಗಳ ಗುಡಿಸಿದ ಹಾಗೆ.

ಅದರ ಕಾಲು ಅದು. ಕಾಲಲ್ಲ, ಬಿರುಗೂದಲು. ಎರೆಹುಳದ ಮೈಯ ಪ್ರತಿಯೊಂದು ಉಂಗುರದಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಗೂದಲುಗಳಿವೆಯಂತೆ. ಉಂಗುರ ಉಬ್ಬಿದಾಗ ಅವು ನೆಲ ಕಚ್ಚುತ್ತವೆ, ತೆಳ್ಳಗಾದಾಗ ಬಿಡುತ್ತವೆ. ಆ ಉಬ್ಬುವುದು ತೆಳ್ಳಗಾಗುವುದು ತಲೆಯಿಂದ ಬಾಲದವರೆಗೆ ಅಲೆಯ ಹಾಗೆ ಸಾಗುತ್ತದೆ. ಅಲೆ ಹಿಂದಕ್ಕೆ ಹೋಗುತ್ತದೆ, ಹುಳ ಮುಂದಕ್ಕೆ. ಎಲುಬಿಲ್ಲ, ಒಳಗೆ ನೀರಿನಂಥ ದ್ರವ ಮಾತ್ರ. ಅಷ್ಟರಿಂದಲೇ ಮಣ್ಣನ್ನು ಸೀಳಿಕೊಂಡು ಹೋಗುತ್ತದೆ.

ಇಷ್ಟು ವರ್ಷ ಈ ಹುಳ ತೆವಳುವ ಮಣ್ಣಿನ ಮೇಲೆಯೇ ಓಡಾಡಿದ್ದೇನೆ. ಅದಕ್ಕೆ ಹೆಜ್ಜೆ ಸದ್ದಿದೆಯೆಂದು ಯಾರೂ ಹೇಳಿರಲಿಲ್ಲ.

ಬೆರಗಾಗುವುದು ಹಣವಂತರ ಹವ್ಯಾಸ. ನಮಗೆ ಸಮಯವಿಲ್ಲ. ನಾಳೆ ಅಚ್ಚಿನ ಕೆಲಸ ಶುರು.

ಫೆಬ್ರುವರಿ 14, ಶುಕ್ರವಾರ

ರಬ್ಬರ್ ದ್ರಾವಣ ಕಲಸಿ ಅಚ್ಚಿಗೆ ಸುರಿದು, ಗುಳ್ಳೆಗಳೆಲ್ಲ ಮೇಲೆ ಬರಲೆಂದು ಕಾದು, ಬಿಡಿಸಿದರೆ ಮೊದಲನೆಯದು ಹರಿಯಿತು. ಎರಡನೆಯದು ಒಂದು ಕಡೆ ಬಲೂನಿನಂತೆ ಊದಿಕೊಂಡಿತು. "ಹಲ್ಲು ನೋವು ಬಂದ ಕೆನ್ನೆ ಥರ ಇದೆ" ಎಂದ ಪಂಡಿತ. ಮೂರನೆಯದು ಸರಿಯಾಯಿತು. ತೋಳಿನ ದಪ್ಪ, ಬೂದು ಬಣ್ಣ, ಒಳಗೆ ಟೊಳ್ಳು. ಸಣ್ಣ ನಳಿಕೆಯಿಂದ ಗಾಳಿ ಕೊಟ್ಟರೆ ಉಬ್ಬಿ ಗಿಡ್ಡವಾಗುತ್ತದೆ, ಬಿಟ್ಟರೆ ಉಸ್ಸೆಂದು ತನ್ನ ಉದ್ದಕ್ಕೆ ಮರಳುತ್ತದೆ.

ಮೂವರೂ ಸುಮ್ಮನೆ ನೋಡುತ್ತ ನಿಂತೆವು. ಪಂಡಿತನೂ ವಿವರಣೆ ಕೊಡಲಿಲ್ಲ. ಅದು ಉಸಿರಾಡುತ್ತಿತ್ತು. ಹಾಗಲ್ಲವೆಂದು ಗೊತ್ತು, ಗಾಳಿ ತುಂಬುವುದೂ ಗೊತ್ತು, ಪಂಪಿನ ಗುಂಡಿ ಒತ್ತಿದ್ದು ನಾನೇ. ಆದರೂ ಅಂಗೈ ಮೇಲೆ ಮಲಗಿಸಿಕೊಂಡಾಗ ಏನೋ ನಿದ್ದೆ ಮಾಡುತ್ತಿರುವ ಹಾಗಿತ್ತು.

ಇಂಥ ಐದು ಗಂಟುಗಳನ್ನು ಒಂದರ ಹಿಂದೊಂದು ಅಂಟಿಸಬೇಕು. ಪಂಡಿತ ಆಗಲೇ ನಾಮಕರಣ ಮಾಡಿಬಿಟ್ಟ: ರಬ್ಬರಪ್ಪ.

ಫೆಬ್ರುವರಿ 20, ಗುರುವಾರ

ಜಗಳ.

ರಬ್ಬರಪ್ಪನ ಮೈಗೆ ಬಿರುಗೂದಲು ಬೇಕು. ಗಟ್ಟಿ ಪ್ಲಾಸ್ಟಿಕ್ ಬ್ರಶ್ಶಿನ ಎಳೆಗಳನ್ನು ಕತ್ತರಿಸಿ, ಎಲ್ಲವನ್ನೂ ಬಾಲದ ಕಡೆಗೆ ಓರೆಯಾಗಿ ನೆಟ್ಟು ಅಂಟು ಹಾಕಿಬಿಡೋಣ ಎಂದೆ. ಮುಂದೆ ಜಾರುತ್ತದೆ, ಹಿಂದೆ ಜಾರುವುದಿಲ್ಲ. ಒತ್ತಿದ ಪ್ರತಿ ಹೆಜ್ಜೆಯೂ ಲಾಭ.

"ಹುಳ ಹಾಗೆ ಮಾಡಲ್ಲ" ಎಂದಳು ಹುಳದಮ್ಮ. "ಅದು ಕೂದಲನ್ನ ಒಳಗೆ ಎಳ್ಕೊಳ್ಳುತ್ತೆ, ಬೇಕಾದ ಕಡೆಗೆ ತಿರುಗಿಸುತ್ತೆ. ನೀನು ಅಂಟು ಹಾಕಿದ್ರೆ ಇದು ವಾಪಸ್ ಬರೋದು ಹೇಗೆ?"

"ವಾಪಸ್ ಯಾಕೆ ಬರ್ಬೇಕು? ಕೊಳವೆಗೆ ಎರಡು ಬಾಯಿ ಇರುತ್ತೆ. ಈ ಕಡೆ ಒಳಗೆ, ಆ ಕಡೆ ಹೊರಗೆ."

"ನಡುವೆ ಏನಾದ್ರೂ ಅಡ್ಡ ಬಂದ್ರೆ?"

"ತಳ್ಕೊಂಡು ಹೋಗುತ್ತೆ. ಹಿಂದೆ ಬರೋದು ಅನ್ನೋದನ್ನ ನಾನು ಇದಕ್ಕೆ ಕಲಿಸಲ್ಲ."

ಪಂಡಿತ ಇಬ್ಬರ ಮುಖವನ್ನೂ ನೋಡಿ, "ನಾನು ಟೀ ತರ್ತೀನಿ" ಎಂದು ಹೋದವನು ಬೇಕೆಂದೇ ತಡವಾಗಿ ಬಂದ. ಅಷ್ಟರಲ್ಲಿ ನಾನು ಹೇಳಿಬಿಟ್ಟಿದ್ದೆ: ನೀನು ಹುಳ ಸಾಕು, ಯಂತ್ರ ನಾನು ಕಟ್ಟುತ್ತೇನೆ. ಅವಳು ಡಬ್ಬಿಗಳಿಗೆ ನೀರು ಚಿಮುಕಿಸಲು ಹೋದಳು.

ಅಂಟು ಹಾಕಿದೆ.

ಮಾರ್ಚ್ 3, ಸೋಮವಾರ

ನಡೆಯಿತು! ಗಾಜಿನ ಕೊಳವೆಯಲ್ಲಿ ಈ ತುದಿಯಿಂದ ಆ ತುದಿಗೆ, ಎಲ್ಲೂ ನಿಲ್ಲದೆ. ಗಂಟು ಉಬ್ಬುತ್ತದೆ, ಕಚ್ಚುತ್ತದೆ, ಮುಂದಿನದು ಚಾಚುತ್ತದೆ. ಪಂಡಿತ ಕುಣಿದ. ಹುಳದಮ್ಮ ಕೊಳವೆಯ ಪಕ್ಕದಲ್ಲೇ ಕೆನ್ನೆ ಇಟ್ಟುಕೊಂಡು ಮೇಜಿನ ಉದ್ದಕ್ಕೂ ಅದರ ಜೊತೆ ಸರಿಯುತ್ತ ಹೋದಳು. ಅವಳ ಉಸಿರಿಗೆ ಗಾಜು ಮಬ್ಬಾಗಿತ್ತು.

ಮಾರ್ಚ್ 9, ಭಾನುವಾರ

ಪ್ರಯೋಗಾಲಯಕ್ಕೆ ಸುಣ್ಣ ಬಳಿಯುತ್ತಿದ್ದಾರೆ. ವಾಸನೆಗೆ ಹುಳಗಳು ಸಾಯುತ್ತವೆಂದು ಹುಳದಮ್ಮ ಡಬ್ಬಿಗಳನ್ನೆಲ್ಲ ಹಂಚುತ್ತಿದ್ದಾಳೆ. ನನಗೂ ಒಂದು ಬಂತು. ಜಗಳವಾದ ಮೇಲೆ ಅವಳು ನನ್ನೊಡನೆ ಆಡಿದ ಮಾತು ಎಂದರೆ ಇವೇ: "ಮಣ್ಣು ಒಣಗ್ಬಾರ್ದು. ಬಿಸಿಲಿಗೆ ಇಡ್ಬೇಡ. ಇದು ಚರ್ಮದಲ್ಲೇ ಉಸಿರಾಡೋದು."

ಚರ್ಮದಲ್ಲೇ!

ಡಬ್ಬಿಯನ್ನು ನನ್ನ ಹಾಸಿಗೆಯ ಪಕ್ಕ ನೆಲದ ಮೇಲಿಟ್ಟೆ. "ಮನೇಲಿ ಇರೋರು ಸಾಲ್ದು ಅಂತ ಇದೊಂದು" ಎಂದು ಅಮ್ಮ ಗೊಣಗಿದಳು. ಆಮೇಲೆ ನೋಡಿದರೆ ಒಂದು ಬಾಡಿದ ಎಲೆ ಹಾಕಿದ್ದಾಳೆ. ಆ ಎಲೆ ಸಂಜೆಯ ಹೊತ್ತಿಗೆ ತೊಟ್ಟು ಮೇಲಾಗಿ, ಅರ್ಧ ಮಣ್ಣಿನೊಳಗೆ ನೆಟ್ಟಗೆ ನಿಂತಿತ್ತು. ಹುಳ ಅದರ ತುದಿಯನ್ನು ಬಾಯಲ್ಲಿ ಹಿಡಿದು ತನ್ನ ಬಿಲಕ್ಕೆ ಎಳೆದುಕೊಂಡಿದೆ. ಹಲ್ಲಿಲ್ಲ, ಕೈಯಿಲ್ಲ. ನಾನು ಬಹಳ ಹೊತ್ತು ನೋಡಿದೆ. ಓದಬೇಕಿದ್ದ ಕರಪತ್ರ ತೊಡೆಯ ಮೇಲೆ ಹಾಗೇ ಇತ್ತು.

ಮಾರ್ಚ್ 17, ಸೋಮವಾರ

ಪ್ರಾಜೆಕ್ಟು ನೋಡಿಕೊಳ್ಳುವ ಮೇಡಂ ಒಪ್ಪಿದರು. ವರ್ಕ್‌ಶಾಪಿನ ಹಿಂದಿನ ನಿಜವಾದ ಕೊಳವೆಯಲ್ಲೇ ಪರೀಕ್ಷೆ. ಕೈ ತೊಳೆಯುವ ತೊಟ್ಟಿಗಳ ನೀರು ಹೋಗುವ ಕಬ್ಬಿಣದ ಹಳೆಯ ಕೊಳವೆ ಅದು. ಗೋಡೆಯುದ್ದಕ್ಕೂ ಹಾದು, ಮೂಲೆಯಲ್ಲಿ ನೆಲದೊಳಗೆ ಇಳಿದು, ಎರಡಾಳು ಆಳದ ಗುಂಡಿಗೆ ಸೇರುತ್ತದೆ. ಗುಂಡಿಗೆ ಕಬ್ಬಿಣದ ಮುಚ್ಚಳ.

"ಸಿಕ್ಕಿಹಾಕ್ಕೊಂಡ್ರೆ ಏನು ಮಾಡ್ತೀರ?" ಎಂದು ಕೇಳಿದರು.

"ಸಿಕ್ಕಿಹಾಕ್ಕೊಳ್ಳಲ್ಲ ಮೇಡಂ" ಎಂದೆ.

ಅವರು ಹುಳದಮ್ಮನ ಕಡೆ ನೋಡಿದರು. ಅವಳು ಕಿಟಕಿಯ ಕಡೆ ನೋಡಿದಳು.

ಪ್ರದರ್ಶನದ ಫಲಕಕ್ಕೆ ಬರಹ ಸಿದ್ಧವಾಗಿದೆ: "ಇನ್ನು ಮನುಷ್ಯ ಇಳಿಯಬೇಕಿಲ್ಲ." ಮೂರೇ ಮಾತು. ನನ್ನ ಬದುಕಿನಲ್ಲಿ ಬರೆದ ಅತ್ಯುತ್ತಮ ಸಾಲು.

ಮಾರ್ಚ್ 26, ಬುಧವಾರ

ಬರೆಯಲು ಕೈ ಏಳುತ್ತಿಲ್ಲ. ಬರೆಯುತ್ತೇನೆ.

ಬೆಳಿಗ್ಗೆ ರಬ್ಬರಪ್ಪನನ್ನು ಗೋಡೆಯ ಪಕ್ಕದ ಬಾಯಿಂದ ಒಳಗೆ ಬಿಟ್ಟೆವು. ಮೂತಿಯ ಮೇಲೆ ಪುಟ್ಟ ಕ್ಯಾಮೆರಾ, ದೀಪ. ಪರದೆಯ ಮೇಲೆ ಕೊಳವೆಯ ಒಳಗು ಕಂಡಿತು. ಹೊಲಸೆಂದುಕೊಂಡಿದ್ದೆ. ತುಕ್ಕು ಪದರು ಪದರಾಗಿ ಹೂವಿನ ಹಾಗೆ ಅರಳಿತ್ತು, ನೀರಿನ ಹನಿಗಳು ದೀಪಕ್ಕೆ ಹೊಳೆಯುತ್ತಿದ್ದವು. ಯಾರೂ ಯಾವತ್ತೂ ನೋಡಿರದ ಜಾಗ. ನಮ್ಮ ತಲೆಗಳೆಲ್ಲ ಒಂದೇ ಪರದೆಯ ಮೇಲೆ ಬಗ್ಗಿದ್ದವು. ಹುಳದಮ್ಮನ ಜಡೆ ನನ್ನ ಕೈ ಮೇಲೆ ಬಿದ್ದಿತ್ತು, ಅವಳಿಗೂ ಗೊತ್ತಿರಲಿಲ್ಲ, ನನಗೂ ತೆಗೆಯಬೇಕೆನಿಸಲಿಲ್ಲ.

ಇಳಿಜಾರು ದಾಟಿತು. ಗುಂಡಿ ಇನ್ನೊಂದು ಕೈ ದೂರ ಎನ್ನುವಾಗ ಪರದೆ ಕಪ್ಪಾಯಿತು. ಯಾವುದೋ ಬಟ್ಟೆಯ ಮುದ್ದೆ. ನೆಲ ಒರೆಸುವ ಗೋಣಿಬಟ್ಟೆ ಇರಬೇಕು. ರಬ್ಬರಪ್ಪ ಅದರೊಳಕ್ಕೆ ಮೂತಿ ತೂರಿಸಿ ತಳ್ಳಿತು. ತಳ್ಳಿತು. ನಾನು, "ಇನ್ನೂ ಗಾಳಿ ಕೊಡು" ಎಂದೆ. ಬಟ್ಟೆ ಇನ್ನಷ್ಟು ಬಿಗಿಯಾಯಿತು. ನಳಿಕೆ ಹಿಡಿದು ಎಳೆದೆವು. ಎಳೆದಷ್ಟೂ ಬಿರುಗೂದಲು ಕಚ್ಚಿಕೊಂಡಿತು. ನಾನೇ ನೆಟ್ಟ ಬಿರುಗೂದಲು. ಇನ್ನೊಂದು ಸಲ ಎಳೆದರೆ ನಳಿಕೆಗಳು ಕಿತ್ತು ಬರುತ್ತವೆ ಎಂದು ಪಂಡಿತ ನನ್ನ ಕೈ ಹಿಡಿದುಕೊಂಡ.

ಹೊತ್ತು ಏರಿದ ಹಾಗೆ ವರ್ಕ್‌ಶಾಪಿನ ತೊಟ್ಟಿಗಳಲ್ಲಿ ನೀರು ಮೇಲೆ ಬಂತು. ಆಫೀಸಿನವರು ಬಂದರು. ಅವರ ಹಿಂದೆ ಒಬ್ಬರು, ಹೆಗಲ ಮೇಲೆ ಹಗ್ಗ ಹಾಕಿಕೊಂಡು. ದೊಡ್ಡ ಹೊಟ್ಟೆ, ದೊಡ್ಡ ನಗು. ಗುಂಡಿ ಇಳಿಯುವವರು.

"ಏನು ಬಿದ್ದಿದೆ ಒಳಗೆ?"

"ಯಂತ್ರ" ಎಂದ ಪಂಡಿತ.

"ಯಾತಕ್ಕೆ ಮಾಡಿದ್ದು?"

ಗೋಡೆಗೆ ಒರಗಿಸಿಟ್ಟಿದ್ದ ಫಲಕವನ್ನು ಅವರೇ ಓದಿಕೊಂಡರು. ಒಂದೊಂದೇ ಅಕ್ಷರ. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. "ಚೆನ್ನಾಗಿದೆ! ಸರಿ, ಮುಚ್ಚಳ ತೆಗೀರಿ, ಹತ್ತು ನಿಮಿಷದ ಕೆಲಸ" ಎಂದು ಅಂಗಿಯ ಗುಂಡಿ ಬಿಚ್ಚತೊಡಗಿದರು.

ನಾನು ಹೋಗಿ ಮುಚ್ಚಳದ ಮೇಲೆ ನಿಂತುಬಿಟ್ಟೆ.

"ಇಳಿಯಮ್ಮ."

"ಇಳಿಯಲ್ಲ. ನೀವೂ ಇಳಿಯಲ್ಲ."

"ಅಲ್ಲಮ್ಮಾ ತಂಗಿ, ನಂಗೆ ಸಂಜೆ ಮನೇಲಿ ಕೆಲಸ ಇದೆ. ನೀನು ಇಲ್ಲಿ ಧ್ವಜಕಂಬದ ಥರ ನಿಂತ್ಕೊಂಡ್ರೆ ಹೆಂಗೆ?"

"ಅದು ನನ್ನ ಯಂತ್ರ. ಅದಕ್ಕೋಸ್ಕರ ನೀವು ಇಳಿದ್ರೆ ನಾನು..." ಮುಂದೆ ಮಾತು ಬರಲಿಲ್ಲ. ನನಗೆ!

ಅವರು ಅಂಗಿಯ ಗುಂಡಿ ಮತ್ತೆ ಹಾಕಿಕೊಂಡರು. ಮೇಡಂ ಆಫೀಸಿನವರೊಡನೆ ಮಾತಾಡಿದರು. ನಾಳೆ ಮಧ್ಯಾಹ್ನದವರೆಗೆ ಸಮಯ. ಅಷ್ಟರಲ್ಲಿ ಅದು ಹೊರಗೆ ಬರದಿದ್ದರೆ ಹಗ್ಗದವರು ಇಳಿಯುತ್ತಾರೆ, ನಾನು ಎಲ್ಲಿ ನಿಂತಿದ್ದರೂ.

ಅದು ಒಂದೇ ಕಡೆಗೆ ಹೋಗುತ್ತದೆ. ಹಾಗೆ ಮಾಡಿದ್ದು ನಾನು.

ಮಾರ್ಚ್ 27, ಗುರುವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ಬೆಳಿಗ್ಗೆ ಎದ್ದವಳೇ ಡಬ್ಬಿಯ ಮುಂದೆ ಕೂತೆ. ಹುಳ ಅರ್ಧ ಮೈ ಹೊರಚಾಚಿ ಎಲೆಯ ಸುತ್ತ ತಡಕಾಡುತ್ತಿತ್ತು, ಬಾಲ ಬಿಲದೊಳಗೆ. ಅಷ್ಟರಲ್ಲಿ ಪಕ್ಕದಲ್ಲಿ ಬೂಟುಗಾಲು ಧಪ್ ಎಂದು ನೆಲಕ್ಕೆ ಬಿತ್ತು. ಹುಳ ಮಾಯ. ಹಿಂದಕ್ಕೆ! ಹೊರಗೆ ಚಾಚಿದ್ದ ಅಷ್ಟೂ ಮೈ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಲದೊಳಗೆ. ಇಷ್ಟು ದಿನ ಅದು ಮುಂದೆ ಹೋಗುವುದನ್ನು ಮಾತ್ರ ನೋಡಿದ್ದೆ.

"ಅಣ್ಣಾ, ಇನ್ನೊಂದ್ಸಲ ತುಳಿ" ಎಂದೆ.

ಅವನು ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಬರೀ ಕಾಲುಚೀಲ, ಹಾಗೇ ನಿಂತಿದ್ದ.

"ಏನು?"

"ಈಗ ಬೇಡ. ಅದು ಹೊರಗೆ ಬರ್ಲಿ. ನಾನು ಹೇಳ್ದಾಗ ತುಳಿ."

ಕಾದೆವು. ಹುಳ ಮೆಲ್ಲಗೆ ಮೂತಿ ತೋರಿಸಿತು, ಚಾಚಿತು. ನಾನು ಡಬ್ಬಿಗೆ ಕಣ್ಣು ಹಚ್ಚಿ, "ಹೂಂ" ಎಂದೆ. ಧಪ್. ಈ ಸಲ ನೋಡಿದೆ. ಬಿಲದ ಬಾಯಲ್ಲಿದ್ದ ಹಿಂದಿನ ಉಂಗುರಗಳು ಮಣ್ಣನ್ನು ಕಚ್ಚಿಹಿಡಿದವು. ಹೊರಗಿದ್ದ ಮೈ ಪೂರ್ತಿ ನುಣುಪಾಗಿ, ಬೆಳಕಿಗೆ ಒದ್ದೆ ಗಾಜಿನಂತೆ ಮಿಂಚಿ, ಹಿಂದೆ ಜಾರಿತು. ಅದಕ್ಕೆ ಬಿರುಗೂದಲೇ ಇಲ್ಲವೇನೋ ಎನ್ನುವ ಹಾಗೆ. ಎಲ್ಲವನ್ನೂ ಚರ್ಮದೊಳಗೆ ಎಳೆದುಕೊಂಡಿತ್ತು.

ಎಳೆದುಕೊಂಡಿತ್ತು. ನಾವು ರಬ್ಬರಪ್ಪನಿಗೆ ಊದುತ್ತಲೇ ಇದ್ದೇವೆ. ಯಾವತ್ತೂ ಹೀರಿಲ್ಲ.

ಬರೀ ಗಾಳಿ ಬಿಟ್ಟರೆ ರಬ್ಬರು ತನ್ನ ಮೊದಲ ಅಳತೆಗೆ ಬರುತ್ತದೆ ಅಷ್ಟೆ, ಕೂದಲು ಗೋಡೆಗೆ ತಾಗಿಯೇ ಇರುತ್ತದೆ. ಒಳಗಿನ ಗಾಳಿಯನ್ನು ಹೀರಿ ತೆಗೆದರೆ? ಮೈ ಬತ್ತಿ ಒಳಸರಿಯುತ್ತದೆ, ಕೂದಲೂ ಅದರ ಜೊತೆಗೆ.

"ಬೈಕ್ ತೆಗಿ, ಬೇಗ" ಎಂದೆ. ಅಣ್ಣ ಇನ್ನೊಂದು ಬೂಟು ಹಾಕಿಕೊಳ್ಳುತ್ತಲೇ ಓಡಿದ. ಅಮ್ಮ ಒಳಕೋಣೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಈರುಳ್ಳಿ ಹೆಚ್ಚುತ್ತಿದ್ದಳೆಂದು ಕಾಣುತ್ತದೆ.

ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಹುಳದಮ್ಮ ಕೂತಿದ್ದಳು. ನನಗಿಂತ ಮೊದಲೇ ಬಂದಿದ್ದಾಳೆ.

"ನೀನು ಹೇಳಿದ್ದೇ ಸರಿ. ಒಳಗೆ ಎಳ್ಕೊಳ್ಳುತ್ತೆ. ನಾನು ನೋಡ್ದೆ" ಎಂದೆ.

"ಅದಿರ್ಲಿ, ಮಣ್ಣಿಗೆ ನೀರು ಚಿಮುಕಿಸಿದ್ಯಾ?"

"ಚಿಮುಕಿಸ್ದೆ."

"ಹಾಗಿದ್ರೆ ಸರಿ." ಅಷ್ಟಕ್ಕೇ ಆ ಜಗಳ ಮುಗಿಯಿತು.

ಹೀರುವ ಪಂಪು ನಮ್ಮಲ್ಲಿರಲಿಲ್ಲ. ಪಂಡಿತ ಅಂಗಳದಲ್ಲಿ ನಿಂತಿದ್ದ ಯಾರದೋ ಸೈಕಲ್ಲಿನಿಂದ ಗಾಳಿ ಹೊಡೆಯುವ ಪಂಪು ತೆಗೆದುಕೊಂಡು ಬಂದು, ಬಿಚ್ಚಿ, ಒಳಗಿನ ಚರ್ಮದ ಬಟ್ಟಲನ್ನು ತಿರುವುಮುರುವು ಹಾಕಿದ. ಈಗ ಹಿಡಿ ಎಳೆದರೆ ಅದು ಹೀರುತ್ತದೆ. ಹೇಗೆ ಎಂದು ವಿವರಿಸಲು ಶುರು ಮಾಡಿದ. "ಪಂಡಿತಾ, ಆಮೇಲೆ" ಎಂದೆವು ಇಬ್ಬರೂ ಒಟ್ಟಿಗೆ.

"ಬಾಲದಿಂದ ಶುರು ಮಾಡೋಣ. ಒಂದೊಂದೇ ಗಂಟು. ತಲೆಗೆ ಮಾತ್ರ ಹೀರ್ಬೇಡಿ, ಅದು ಉಬ್ಬಿಕೊಂಡೇ ಇರ್ಲಿ" ಎಂದಳು ಹುಳದಮ್ಮ.

"ಯಾಕೆ?"

"ಹುಳ ಎಲೆ ಎಳ್ಕೊಂಡು ಹೋಗಿದ್ದು ನೋಡಿಲ್ವಾ?"

ನೋಡಿದ್ದೆ. ತಲೆಯ ಗಂಟು ಬಟ್ಟೆಯೊಳಗೆ ಹೂತಿದೆ. ಅದರ ಬಿರುಗೂದಲು ಹಿಂದಕ್ಕೆ ಓರೆ. ಹಿಂದೆ ಎಳೆದರೆ ಗಾಳದ ಮುಳ್ಳಿನಂತೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ನಾನು ನೆಟ್ಟ ಕೂದಲಿಗೂ ಒಂದು ಕೆಲಸ ಸಿಕ್ಕಿತು.

ಹಗ್ಗದವರು ಆಗಲೇ ಬಂದು ಕಟ್ಟೆಯ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದರು. ಅಣ್ಣ ಅವರ ಪಕ್ಕದಲ್ಲಿ ನಿಂತಿದ್ದ, ಕೆಲಸಕ್ಕೆ ಹೊತ್ತಾಗಿದ್ದರೂ ಹೋಗಿರಲಿಲ್ಲ. "ಬರುತ್ತೆ ಅಂತೀರಾ?" ಎಂದು ಕೇಳಿದ. "ಬಂದ್ರೆ ನಂಗೆ ರಜ, ಬರದಿದ್ರೆ ನಂಗೆ ಸ್ನಾನ" ಎಂದರು ಅವರು.

ಪಂಡಿತ ಪಂಪು ಹಿಡಿದ. ಹುಳದಮ್ಮ ನಳಿಕೆಗಳ ಕಂತೆಯನ್ನು ಎರಡು ಕೈಯಲ್ಲಿ ಹಗುರಾಗಿ ಬಿಗಿಹಿಡಿದಳು. ಒಳಗೆ ಏನಾಗುತ್ತಿದೆಯೆಂದು ತಿಳಿಯಲು ದಾರಿಯಿರಲಿಲ್ಲ, ಕ್ಯಾಮೆರಾ ಬಟ್ಟೆಯೊಳಗೆ ಕುರುಡಾಗಿತ್ತು. ನಾನು ಗೋಡೆಯ ಪಕ್ಕ ಮಂಡಿಯೂರಿ ಕಬ್ಬಿಣದ ಕೊಳವೆಗೆ ಕಿವಿ ಹಚ್ಚಿದೆ. ತಣ್ಣಗಿತ್ತು. ತುಕ್ಕು ಕೆನ್ನೆಗೆ ಚುಚ್ಚಿತು.

"ಯಾರೂ ಮಾತಾಡ್ಬೇಡಿ" ಎಂದೆ.

ಪಂಡಿತ ಹಿಡಿ ಎಳೆದ. ಏನಿಲ್ಲ. ಮತ್ತೆ ಎಳೆದ. ನನ್ನ ರಕ್ತದ ಸದ್ದು ನನಗೇ ಕೇಳಿಸುತ್ತಿತ್ತು. ಆಮೇಲೆ, ನೆಲದ ಕೆಳಗಿನಿಂದ, ಕಬ್ಬಿಣದ ಉದ್ದಕ್ಕೂ ಹರಿದು ಬಂತು. ಸರ್.

ಕೈಯೆತ್ತಿದೆ. ಹುಳದಮ್ಮ ಒಂದು ಬೆರಳಿನಷ್ಟು ಎಳೆದುಕೊಂಡಳು. ಮುಂದಿನ ಗಂಟು. ಸರ್. ಮತ್ತೊಂದು ಬೆರಳು. ಬಾಲ ಬಿಟ್ಟು ಜಾರುತ್ತಿದೆ, ಅದರ ಮುಂದಿನದು ಹಿಗ್ಗುತ್ತಿದೆ, ಅದೂ ಬತ್ತಿ ಕೈಬಿಡುತ್ತಿದೆ, ಹಿಗ್ಗಿದ ರಬ್ಬರು ತನ್ನನ್ನು ತಾನೇ ಎಳೆದುಕೊಳ್ಳುತ್ತಿದೆ. ಕಾಣದೆಯೂ ಕಾಣುತ್ತಿತ್ತು. ಅಲೆ ಈಗ ಬಾಲದಿಂದ ತಲೆಗೆ ಹೋಗುತ್ತಿತ್ತು, ರಬ್ಬರಪ್ಪ ನಮ್ಮ ಕಡೆಗೆ ಬರುತ್ತಿತ್ತು. ಅದರ ಹಿಂದೆ ಒದ್ದೆಯಾದ ಇನ್ನೊಂದು ಸದ್ದು, ಭಾರವಾಗಿ ಏನನ್ನೋ ಎಳೆದ ಹಾಗೆ. ಬಟ್ಟೆ.

ಎಷ್ಟು ಹೊತ್ತಾಯಿತೋ. ಇಳಿಜಾರು ಏರುವಾಗ ಸದ್ದು ನಿಂತುಹೋಯಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಿನ್ನೆಯ ನಾನಾಗಿದ್ದರೆ ಎಳೆಯಿರಿ ಎನ್ನುತ್ತಿದ್ದೆ. "ಸ್ವಲ್ಪ ಬಿಡು" ಎಂದೆ. ಹುಳದಮ್ಮ ಕೈ ಸಡಿಲಿಸಿದಳು. ಪಂಡಿತ ಮತ್ತೆ ಬಾಲದಿಂದ ಹೀರಿದ. ಸರ್. ಬಂತು.

ಆಮೇಲೆ ಸದ್ದು ನನ್ನ ಕಿವಿಯ ಕೆಳಗೇ ಹಾದುಹೋಯಿತು. ಕೊಳವೆಯ ಆ ಕಡೆ ರಬ್ಬರಪ್ಪ, ಈ ಕಡೆ ನನ್ನ ಕೆನ್ನೆ, ನಡುವೆ ತುಕ್ಕು ಹಿಡಿದ ಕಬ್ಬಿಣ. ಅದು ನಮ್ಮದೆಂದು ನನಗೆ ಆ ಕ್ಷಣ ಅನಿಸಲಿಲ್ಲ. ಮಣ್ಣಿನೊಳಗೆ ಎಷ್ಟೋ ಕಾಲದಿಂದ ಯಾರೂ ಕೇಳದ ಹಾಗೆ ನಡೆಯುತ್ತ ಬಂದದ್ದು, ಸುಮ್ಮನೆ ನಮ್ಮ ಕೈಯ ರಬ್ಬರಿನೊಳಗೂ ಒಂದು ಗಳಿಗೆ ನಡೆದುಹೋದ ಹಾಗಿತ್ತು.

ಬಾಲ ಹೊರಬಂತು. ಮೈ ಬಂತು, ಬತ್ತಿ ಸುಕ್ಕಾಗಿ. ಕೊನೆಗೆ ಉಬ್ಬಿದ ತಲೆ, ಅದಕ್ಕೆ ಸಿಕ್ಕಿಕೊಂಡು ಕಪ್ಪಗೆ ನೀರು ಸುರಿಸುವ ಗೋಣಿಬಟ್ಟೆ. ಒಳಗೆ ತೊಟ್ಟಿಗಳ ನೀರು ಗಳಗಳನೆ ಇಳಿಯುವುದು ಕೇಳಿಸಿತು. ಪಂಡಿತ ನೆಲದ ಮೇಲೇ ಕೂತುಬಿಟ್ಟ.

ಹಗ್ಗದವರು ಎದ್ದು ಬಂದು, ಬಗ್ಗಿ, ಒಂದು ಬೆರಳಿನಿಂದ ರಬ್ಬರಪ್ಪನ ಬೆನ್ನು ಮುಟ್ಟಿದರು. ನಗಲಿಲ್ಲ. "ಸುಸ್ತಾಗಿದೆ ಪಾಪ" ಎಂದರು. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಒಣ ಅಂಗಿಯಲ್ಲಿ, ಗೇಟು ದಾಟಿ ಹೋದರು.

ಏಪ್ರಿಲ್ 1, ಮಂಗಳವಾರ

ನಾಲ್ಕು ದಿನ ಬರೆಯಲಿಲ್ಲ. ಬಿರುಗೂದಲುಗಳನ್ನೆಲ್ಲ ಬಿಡಿಸಿ ಹೊಸದಾಗಿ ನೆಡುತ್ತಿದ್ದೇವೆ, ಹೀರಿದಾಗ ಪೂರ್ತಿ ಒಳಗೆ ಹೋಗುವ ಹಾಗೆ. ಹುಳದಮ್ಮ ಹೇಳುತ್ತಾಳೆ, ನಾನು ಮಾಡುತ್ತೇನೆ. ವರದಿಯಲ್ಲಿ ಹಿಂದಕ್ಕೆ ಬರುವುದರ ಬಗ್ಗೆ ಒಂದು ಪೂರ್ತಿ ಅಧ್ಯಾಯ ಸೇರಿದೆ. ಫಲಕದ ಬರಹ ಬದಲಾಯಿಸಬೇಕೆಂದು ಪಂಡಿತನಿಗೆ ಹೇಳಿದೆ. "ಏನು ಬರೀಲಿ?" ಎಂದ. ಇನ್ನೂ ಹೊಳೆದಿಲ್ಲ. ಯಂತ್ರ ಮೊದಲು ಹತ್ತು ಸಲ ಹೋಗಿ ಬರಲಿ.

ಅಣ್ಣ ಈಗ ಬೆಳಿಗ್ಗೆ ಬೂಟನ್ನು ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲು ದಾಟುತ್ತಾನೆ, ಹೊರಗೆ ಹೋಗಿ ಹಾಕಿಕೊಳ್ಳುತ್ತಾನೆ. ಹುಳಕ್ಕೆ ಗಾಬರಿಯಾಗಬಾರದಂತೆ. ಅಮ್ಮನಿಗೆ ಅಂಚೆ ಕೆಲಸ ಇಲ್ಲದಾಗಿದೆ. "ಬಾಯಿ ತುಕ್ಕು ಹಿಡೀತಿದೆ" ಎನ್ನುತ್ತಾಳೆ.

ಇವತ್ತು ಸಂಜೆ ಅಣ್ಣ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ಡಬ್ಬಿ ನೋಡಿದ. ಆಮೇಲೆ ಡಬ್ಬಿಗೇ ಹೇಳುವ ಹಾಗೆ ಹೇಳಿದ: "ಆವತ್ತು ಒಳಗೆ ಹೋದ್ನಲ್ಲ, ಮಧ್ಯಾಹ್ನಾನೇ ಆಚೆ ಬಂದ್ಬಿಟ್ಟೆ ಕಣೇ. ನಿಲ್ಲೋಕಾಗ್ಲಿಲ್ಲ. ಗೇಟಿನ ಹತ್ರ ಅವರ ಜೊತೇನೇ ಕೂತೆ, ಮುಷ್ಕರ ಮುಗಿಯೋವರ್ಗೂ. ಮೊದಲು ಯಾರೂ ಜಾಗ ಕೊಡ್ಲಿಲ್ಲ. ಆಮೇಲೆ ಕೊಟ್ರು."

ನಾನು ಆವತ್ತು ಬೆಳಿಗ್ಗೆ ಅವನು ಒಳಗೆ ಹೋಗುವುದನ್ನು ನೋಡಿ ಮನೆಗೆ ಬಂದುಬಿಟ್ಟಿದ್ದೆ. ಮಧ್ಯಾಹ್ನ ಅಲ್ಲಿ ಇರಲಿಲ್ಲ.

ಗೋಡೆಗೆ ಅಂಟಿಸಿದ್ದ ಕರಪತ್ರವನ್ನು ಮೆಲ್ಲಗೆ ಬಿಡಿಸಿದೆ. ಅಷ್ಟು ಒರಟು ಕಾಗದ ಬೇರೆ ಕೈಗೆ ಸಿಗುವಂತಿರಲಿಲ್ಲ. ನೆಲಕ್ಕೆ ಹಾಸಿ, ಬೆರಳು ಒದ್ದೆ ಮಾಡಿಕೊಂಡು, ಹುಳವನ್ನು ಎತ್ತಿ ಅದರ ಮೇಲೆ ಬಿಟ್ಟೆ.

"ಅಣ್ಣ, ಕಿವಿ ಇಡು."

ಅವನು ಅಷ್ಟು ದೊಡ್ಡ ತಲೆಯನ್ನು ನೆಲಕ್ಕೆ ತಂದ. ನಾನೂ ಎದುರಿಗೆ ತಲೆಯಿಟ್ಟೆ. ಹುಳ ಅಕ್ಷರಗಳ ಮೇಲೆ ಚಾಚಿತು, ನಿಂತಿತು, ಏನನ್ನೋ ಯೋಚಿಸಿದ ಹಾಗೆ ಮೂತಿಯೆತ್ತಿತು, ಬಂದ ದಾರಿಗೇ ಸ್ವಲ್ಪ ಸರಿಯಿತು, ಮತ್ತೆ ಚಾಚಿತು. ಅಣ್ಣ ಉಸಿರು ಬಿಗಿಹಿಡಿದಿದ್ದ. ಅವನ ಹುಬ್ಬಿನ ಹತ್ತಿರ ಒಂದು ನರೆಗೂದಲು ಬಂದಿದೆ.

"ಕೇಳ್ತಾ?" ಎಂದೆ.

"ಶ್" ಎಂದ.